ಬೀಗಿತ್ತಿಯ ಬೀಳ್ಕೊಡುಗೆ ಭಾಷಣ

ಜನವರಿ ೬, ಸೋಮವಾರ

ಯಾರದು ಇದನ್ನು ತೆರೆದಿರುವುದು? ನಾಚಿಕೆಯಾಗುವುದಿಲ್ಲವೇ? ಇನ್ನೊಬ್ಬರ ಡೈರಿ ಓದುವುದಕ್ಕೂ ಇನ್ನೊಬ್ಬರ ಬಚ್ಚಲಿಗೆ ಇಣುಕುವುದಕ್ಕೂ ಏನು ವ್ಯತ್ಯಾಸ? ಮುಚ್ಚಿ ಇದ್ದ ಜಾಗದಲ್ಲಿ ಇಟ್ಟು, ಹೋಗಿ ಏನಾದರೂ ಕೆಲಸ ನೋಡು. ಮಂಜುಶ್ರೀ, ಇದು ನೀನೇ ಆಗಿದ್ದರೆ ನಿನಗೆ ಇನ್ನೂ ನಾಲ್ಕು ಜಾಸ್ತಿ. ಈ ಡೈರಿ ಕೊಟ್ಟವಳೇ ನೀನು. ಇದರಲ್ಲಿ ಏನಿರುತ್ತದೆ ಎಂದು ಗೊತ್ತಿದ್ದೂ ಓದಿದರೆ ಆಮೇಲೆ ಮುಖ ಊದಿಸಿಕೊಂಡು ಓಡಾಡಬಾರದು.

ಕೊಟ್ಟದ್ದು ಯಾಕೆ ಎಂದು ಬರೆದಿಡುತ್ತೇನೆ. ನನ್ನ ಸೊಸೆಯ ತಾಯಿ ಯಶೋಧರಾ ಟೀಚರ್, ಅಂದರೆ ನನ್ನ ಬೀಗಿತ್ತಿ, ಇರುವುದು ಭದ್ರಾವತಿಯ ಹಳೇನಗರದಲ್ಲಿ. ಹೋದ ತಿಂಗಳು ಲಕ್ವ ಹೊಡೆದು ಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ. ಬಲಗೈ ಸೋತಿದೆ, ಕೋಲು ಹಿಡಿದು ನಡೆಯುತ್ತಾಳೆ, ಮಾತು ಮಾತ್ರ ಹೋಗಿದೆ. ಬುದ್ಧಿಯೆಲ್ಲ ನೆಟ್ಟಗಿದೆಯಂತೆ, ಮಾತು ಹೊರಗೆ ಬರುವ ದಾರಿ ಕಟ್ಟಿಕೊಂಡಿದೆಯಂತೆ. ನನ್ನ ಮೊಮ್ಮಗಳು ಸಿರಿ ಅಲ್ಲೇ ಇದ್ದು ಹತ್ತನೇ ಕ್ಲಾಸು ಓದುತ್ತಿದ್ದಾಳೆ, ಮಾರ್ಚಿನಲ್ಲಿ ಪರೀಕ್ಷೆ. ಮಂಜುಶ್ರೀಗೆ ಇಲ್ಲಿ ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಅವಳ ರಜೆಯೆಲ್ಲ ಮುಗಿಯಿತು. ಮಗ ರೂಪೇಶನಿಗೆ ಬ್ಯಾಂಕು. ಉಳಿದವಳು ನಾನು. ಬೀಗರ ಮನೆಗೆ ಹೋಗಿ ಒಂದು ಹೊತ್ತು ಉಂಡು ಬರುವುದೇ ಹೆಚ್ಚು ಎನ್ನುವವಳು ನಾನು, ನಾಳೆಯಿಂದ ಅಲ್ಲೇ ಒಲೆ ಹಚ್ಚಬೇಕಂತೆ.

“ಅತ್ತೆ, ಅಮ್ಮ ಈಗ ತಿರುಗಿ ಮಾತಾಡೋ ಸ್ಥಿತೀಲಿಲ್ಲ. ನಿಮಗೆ ಬೈಬೇಕು ಅನ್ಸಿದ್ರೆ ಇದ್ರಲ್ಲಿ ಬರ್ಕೊಳಿ. ಅವರ ಹತ್ರ ಏನೂ ಅನ್ಬೇಡಿ, ಕೈ ಮುಗೀತೀನಿ” ಎಂದು ಬ್ಯಾಂಕಿನ ಡೈರಿ ಕೈಗೆ ಕೊಟ್ಟಳು. ನನ್ನ ಬಾಯಿಗೆ ಈ ಮನೆಯಲ್ಲಿರುವ ಮರ್ಯಾದೆ ಇದು. ನಾನು ಓದಿದ್ದು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು. ಬೈಯುವುದಕ್ಕೆ ಅಷ್ಟು ಅಕ್ಷರ ಧಾರಾಳವಾಗಿ ಸಾಕು.

ಹಾಗಾದರೆ ಶುರು ಮಾಡುತ್ತೇನೆ. ಸಿರಿ ಏಳನೇ ಕ್ಲಾಸು ಮುಗಿಸಿದಾಗ ಈ ಟೀಚರಮ್ಮ ಬಂದು, “ನಮ್ಮ ಶಾಲೆಗೆ ಸೇರಿಸೋಣ, ಶುದ್ಧವಾದ ಕನ್ನಡ ಕಲಿಯುತ್ತಾಳೆ” ಎಂದು ಹುಡುಗಿಯನ್ನು ಕರೆದುಕೊಂಡು ಹೋದಳು. ನಮ್ಮ ಮನೆಯಲ್ಲಿ ನಾವೇನು ಬೊಗಳುತ್ತಿದ್ದೆವಾ?

ಜನವರಿ ೮, ಬುಧವಾರ

ಬಸ್ಸು ಮಲವಗೊಪ್ಪ ದಾಟುವವರೆಗೂ ಇಳಿದು ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು.

ಟೀಚರಮ್ಮನ ಬಾಯಲ್ಲಿ ಈಗ ಇರುವುದು ಒಂದೇ ಮಾತು. “ಬೇಡ.” ಕಾಫಿ ಬೇಕಾದರೂ ಬೇಡ, ಬೇಡವಾದರೂ ಬೇಡ. ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಾಗ ಅವಳು ಎಡಗೈ ಚಾಚಿ “ಬೇಡ, ಬೇಡ” ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸಿರಿ ಓಡಿ ಬಂದು ಬ್ಯಾಗು ತೆಗೆದುಕೊಂಡಳು.

“ಅಜ್ಜಿ, ಅದು ಬನ್ನಿ ಅಂತ. ಮುಖ ನೋಡ್ಬೇಕು, ಮಾತು ಕೇಳ್ಬಾರ್ದು.”

ಮುಖ ನೋಡಿದೆ. ನನಗೆ ಅಲ್ಲಿಯೂ ಬೇಡ ಎಂದೇ ಕಂಡಿತು.

ಜನವರಿ ೧೧, ಶನಿವಾರ

ಇವಳ ಅಡಿಗೆಮನೆ ನೋಡಬೇಕು. ಪ್ರತಿ ಡಬ್ಬಿಯ ಮೇಲೂ ಹೆಸರಿನ ಚೀಟಿ. ಉಪ್ಪಿನ ಡಬ್ಬಿಗೆ ‘ಉಪ್ಪು’ ಎಂದು ಬರೆದು ಅಂಟಿಸಿದ್ದಾಳೆ, ಇಲ್ಲದಿದ್ದರೆ ಉಪ್ಪಿಗೆ ತಾನು ಯಾರೆಂದು ಮರೆತುಹೋಗುತ್ತದೆಯೋ ಏನೋ. ನಾನು ಸಾಸಿವೆಯನ್ನು ಕೈಗೆ ಸಿಗುವ ಕಡೆ ಇಟ್ಟೆ. ಅವಳು ಕೋಲೂರಿಕೊಂಡು ಬಂದು ಎಡಗೈಯಿಂದ ತೆಗೆದು ಮೊದಲಿನ ಜಾಗದಲ್ಲೇ ಇಟ್ಟಳು. ಮತ್ತೆ ನಾನು ಇತ್ತ ಇಟ್ಟೆ. ಮತ್ತೆ ಅವಳು ಅತ್ತ ಇಟ್ಟಳು. ಒಂದು ಮಾತಿಲ್ಲ ಕತೆಯಿಲ್ಲ, ಬೆಳಗಿನಿಂದ ಸಂಜೆಯವರೆಗೆ ಇದೇ ಆಯಿತು. ಮಂಜುಶ್ರೀಗೆ ಕೊಟ್ಟ ಮಾತಿಗೆ ನಾನು ಬಾಯಿ ಬಿಡಲಿಲ್ಲ.

ಬೈಯದೆ ಇದ್ದು ಇದ್ದು ನನ್ನ ದವಡೆ ನೋಯುತ್ತಿದೆ. ತಿರುಗಿ ಅನ್ನಲಾರದವಳನ್ನು ಬೈದರೆ ಅದು ಬೈಗುಳ ಅಲ್ಲ, ಹೊಡೆತ. ಅಷ್ಟು ನನಗೂ ಗೊತ್ತು, ಸೊಸೆ ಹೇಳಿಕೊಡಬೇಕಾಗಿಲ್ಲ.

ಜನವರಿ ೧೪, ಮಂಗಳವಾರ

ಹಬ್ಬ. ಎಳ್ಳು ಬೀರುವುದಕ್ಕೆ ಸಿರಿ ಒಬ್ಬಳೇ ಹೋದಳು. ಹತ್ತನೇ ಕ್ಲಾಸಿನ ಒಂದಿಷ್ಟು ಮಕ್ಕಳು ಮನೆಗೆ ಬಂದಿದ್ದವು. ಇವಳು ರಿಟೈರಾದ ಮೇಲೂ ಆ ಮಕ್ಕಳಿಗೆ ಸಂಜೆ ಹೊತ್ತು ಜಗುಲಿಯಲ್ಲಿ ಕೂರಿಸಿಕೊಂಡು ವ್ಯಾಕರಣ ಹೇಳುತ್ತಿದ್ದಳಂತೆ. ಒಬ್ಬ ಹುಡುಗ ಮುಂದೆ ಬಂದು, “ಮೇಡಂ, ನಾನ್ಯಾರು ಹೇಳಿ?” ಅಂದ. ಪ್ರೀತಿಗೇ ಕೇಳಿದ್ದು, ಪಾಪ. ಅವಳು ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು. “ಬೇಡ” ಎಂದು ಬಂತು. ಹುಡುಗ ಎಳ್ಳನ್ನು ಅವಳ ಪಕ್ಕದಲ್ಲಿಟ್ಟು ಹಿಂದೆ ಸರಿದ.

ರಾತ್ರಿ ಊಟ ಬಿಟ್ಟಳು. ಅನ್ನ ನನ್ನದು, ಹಸಿವು ಅವಳದು, ನನಗೇನಾಗಬೇಕು ಎಂದು ನಾನೂ ಬಲವಂತ ಮಾಡಲಿಲ್ಲ. ಆಮೇಲೆ ನನಗೂ ಸೇರಲಿಲ್ಲ.

ಜನವರಿ ೨೦, ಸೋಮವಾರ

ಇವತ್ತು ಸ್ಕೂಲಿನ ಹೆಡ್‌ಮಾಸ್ಟರು ಗುರುಪ್ರಸಾದ್ ಬಂದಿದ್ದರು. ಇವಳ ಕೈಯಲ್ಲೇ ಕಲಿತವರಂತೆ, ಕುರ್ಚಿಯ ತುದಿಯಲ್ಲಿ ಕೂತಿದ್ದರು.

ವಿಷಯ ಇದು. ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳನ್ನು ಬೀಳ್ಕೊಡುವ ದಿವಸ ಕಡೆಯ ಭಾಷಣ ಯಶೋಧರಾ ಟೀಚರದು. ಭಾಷಣ ಎಂದರೆ ಗಾಂಧೀಜಿ, ವಿವೇಕಾನಂದ ಅಲ್ಲ. ಕೈಯಲ್ಲಿ ಚೀಟಿಯಿಲ್ಲದೆ ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು, ಅದಕ್ಕೆ ಮಾತ್ರ ಸಲ್ಲುವಂಥ ಒಂದು ಮಾತು ಹೇಳುವುದು. ಮಕ್ಕಳು ಎಂಟನೇ ಕ್ಲಾಸಿನಿಂದ ಅದಕ್ಕೇ ಕಾಯುತ್ತಾರಂತೆ, ಟೀಚರ್ ನನಗೆ ಏನು ಹೇಳಬಹುದು ಎಂದು. ಈ ಸಲ ಸಿರಿಯ ಕ್ಲಾಸು. ಕಮಿಟಿಯವರು ಈ ಸಲ ಅದಕ್ಕೆ ಗ್ರಾಜುಯೇಷನ್ ಡೇ ಎಂದು ಹೆಸರಿಟ್ಟು, ಮಕ್ಕಳಿಗೆ ಕರಿ ನಿಲುವಂಗಿ, ಚೌಕದ ಟೋಪಿ ಬಾಡಿಗೆಗೆ ತರಿಸುತ್ತಿದ್ದಾರೆ. ಮಾರ್ಚ್ ಒಂದಕ್ಕೆ.

“ಮೇಡಂ, ನೀವು ಬಂದು ಸ್ಟೇಜ್ ಮೇಲೆ ಕೂತ್ರೆ ಸಾಕು. ಭಾಷಣಕ್ಕೆ ಶಿವಮೊಗ್ಗದಿಂದ ಅತಿಥಿಗಳು ಬರ್ತಾರೆ. ನಿಮಗೊಂದು ಶಾಲು ಹೊದಿಸಿ, ಹಾರ ಹಾಕಿ...”

“ಶಾಲು ಹೊದಿಸಿ ಹಾರ ಹಾಕೋಕೆ ಅವರೇನು ಹೋಗಿಬಿಟ್ರಾ ಸಾರ್?” ಎಂದೆ ನಾನು. ಸೊಸೆಯ ಅಪ್ಪಣೆ ಇರುವುದು ಇವಳನ್ನು ಬೈಯಬಾರದೆಂದು, ಹೆಡ್‌ಮಾಸ್ಟರನ್ನಲ್ಲ.

ಅವರ ಮುಖ ಕೆಂಪಾಯಿತು. “ಅಯ್ಯೋ, ಹಾಗಲ್ಲಮ್ಮ. ಮೈಕ್ ಮುಂದೆ ನಿಂತು ಮಾತು ಬರದೇ ಹೋದ್ರೆ ಮೇಡಂಗೇ ನೋವಲ್ವಾ? ಮಕ್ಕಳು ನಗಬಹುದು.”

ಟೀಚರಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. “ಬೇಡ!” ಎಂದಳು. ಮುಖ ನೋಡಿದೆ. ಈ ಸಲ ನನಗೂ ಅರ್ಥವಾಯಿತು. ಶಾಲು ಬೇಡ, ಮೈಕು ಬೇಕು.

ಜನವರಿ ೨೪, ಶುಕ್ರವಾರ

ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಹೆಸರು ಹೇಳಲು ಹೆಣಗುತ್ತಾಳೆ. ಸಿರಿ ಕ್ಲಾಸಿನ ಫೋಟೋ ಹಿಡಿದು ಒಬ್ಬೊಬ್ಬರನ್ನೇ ತೋರಿಸುತ್ತಾಳೆ. ಬೇಡ, ಬೇಡ, ಬೇಡ. ಆಮೇಲೆ ಟೀಚರಮ್ಮನೇ ಫೋಟೋವನ್ನು ತಿರುಗಿಸಿ ಇಡುತ್ತಾಳೆ. ನೋಡಲಾರದೆ ನಾನು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಜನವರಿ ೨೭, ಸೋಮವಾರ

ಇವತ್ತು ಸೊಸೆಗೆ ಕೊಟ್ಟ ಮಾತು ಮುರಿದೆ. ಬರೆಯದೆ ಬಿಟ್ಟರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಇವಳ ಕೂದಲು ಈಗಲೂ ದಟ್ಟ, ಸಿಕ್ಕು ಬಿಡಿಸಿದರೆ ನೋವಾಗುತ್ತದೆ ಎಂದು ತಲೆ ಎಳೆದುಕೊಳ್ಳುತ್ತಾಳೆ. ನಾನು ಈ ಕಡೆ ಎಳೆದರೆ ಅವಳು ಆ ಕಡೆ. ಎಣ್ಣೆಯೆಲ್ಲ ನನ್ನ ಸೀರೆಗೆ ಬಿತ್ತು. ಬೈಯುವ ಹಾಗಿಲ್ಲವಲ್ಲ, ಆ ಸಿಟ್ಟಿಗೆ ಬಾಯಲ್ಲಿ ಬೀಗರ ಪದ ಬಂತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ಹಾಡಿನಲ್ಲೇ ಮೂದಲಿಸುತ್ತಾರೆ. ಒಂದು ಕಡೆಯವರು ಹಾಡಿದರೆ ಇನ್ನೊಂದು ಕಡೆಯವರು ಉತ್ತರ ಹಾಡಲೇಬೇಕು, ಹಾಡದಿದ್ದರೆ ಸೋತಂತೆ. ನಮ್ಮೂರಿನಲ್ಲಿ ನನ್ನ ಎದುರು ಕೂರುವುದಕ್ಕೆ ಹೆಂಗಸರು ಹೆದರುತ್ತಿದ್ದರು. ರೂಪೇಶನ ಮದುವೆಯಲ್ಲಿ ನಾನು ಹಾಡಲು ಕೂತಾಗ ಈ ಟೀಚರಮ್ಮ ಉತ್ತರ ಕೊಡಲಿಲ್ಲ. “ಈಗ ಇದೆಲ್ಲ ಯಾರು ಹಾಡ್ತಾರೆ” ಎಂದು ಎದ್ದುಹೋಗಿ ಊಟದ ಪಂಕ್ತಿ ನೋಡಿಕೊಂಡಳು. ನಾನು ಒಬ್ಬಳೇ ಚಾಪೆಯ ಮೇಲೆ ಕೂತಿದ್ದೆ.

ಎಣ್ಣೆ ಹಚ್ಚುತ್ತಾ ಹಾಡಿದ್ದು ಇದು:

ಬಂದಾಳು ಬೀಗಿತ್ತಿ ಬಿಂಕವ ಹೊತ್ತುಕೊಂಡು
ಬಾಗಿಲು ಸಾಲದು ಅವಳಿಗೆ, ನಮ್ಮನೆಯ
ಗೋಡೆಯ ಒಡೆದು ಕರೆಯಿರೆ

ಕೈಯ ಕೆಳಗಿದ್ದ ತಲೆ ಅಲುಗಾಡುವುದು ನಿಂತಿತು. ಆಮೇಲೆ ಒಡೆದ ದನಿಯಲ್ಲಿ, ಒಂದೊಂದೇ ಮಾತಾಗಿ, ಅದೇ ಧಾಟಿಯಲ್ಲಿ ಬಂತು:

ಗೋಡೆಯ ಒಡೆದರೆ ಗುಟ್ಟೆಲ್ಲ ಬಯಲಾದೀತು
ಗಡಿಗೆಯ ಬೆಲ್ಲ ಕದ್ದೋಳೆ, ಬೀಗಿತ್ತಿ
ಬಾಯೊರೆಸಿಕೊಂಡು ಹೊರಗೆ ಬಾ

ನಾನು ಎಣ್ಣೆಯ ಬಟ್ಟಲು ಕೆಳಗೆ ಬಿಟ್ಟೆ. ಅವಳೂ ತನ್ನ ಬಾಯಿಯನ್ನು ಎಡಗೈಯಲ್ಲಿ ಮುಟ್ಟಿ ನೋಡಿಕೊಂಡಳು.

“ಮಾರಾಯ್ತಿ! ನಿಮಗೆ ಬರುತ್ತೇನ್ರೀ ಇದು? ಅವತ್ತು ಯಾಕೆ ಹಾಡ್ಲಿಲ್ಲ ಹಾಗಾದ್ರೆ?”

“ಬೇಡ” ಎಂದಳು. ಧಾಟಿ ಬಿಟ್ಟರೆ ಮತ್ತೆ ಅದೇ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿದ್ದಳು. ನಾನಂತೂ ಅಳಲಿಲ್ಲ. ಎಣ್ಣೆಯ ಕೈ ಕಣ್ಣಿಗೆ ತಾಗಿತ್ತು.

ಫೆಬ್ರವರಿ ೨, ಭಾನುವಾರ

ಮಂಜುಶ್ರೀ, ರೂಪೇಶ ಬಂದಿದ್ದರು. ಮಂಜುಶ್ರೀ ತಾಯಿಯ ಹಾಡು ಕೇಳಿ ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು, ಉಸಿರು ಕಟ್ಟುವ ಹಾಗೆ. ಡಾಕ್ಟರನ್ನು ಫೋನಿನಲ್ಲಿ ಕೇಳಿದಳು. ಮಾತಿನ ದಾರಿ ಬೇರೆ, ಹಾಡಿನ ದಾರಿ ಬೇರೆಯಂತೆ, ಕೆಲವರಿಗೆ ಹೀಗೆ ಹಾಡು ಉಳಿದುಕೊಂಡಿರುತ್ತದಂತೆ. ಹಳೆಯ ಹಾಡು ಸುಲಭ, ಹೊಸ ಮಾತನ್ನು ಧಾಟಿಗೆ ಕೂರಿಸಿ ದಿನಾ ಅಭ್ಯಾಸ ಮಾಡಿಸಿದರೆ ಅದೂ ಬರಬಹುದು ಎಂದರಂತೆ.

“ಮತ್ತೇನು, ದಿನಾ ಬೈದ್ಕೊಳಿ ಇಬ್ರೂ” ಎಂದ ರೂಪೇಶ. “ಡಾಕ್ಟ್ರೇ ಬರ್ದು ಕೊಟ್ಟಂಗಾಯ್ತಲ್ಲಮ್ಮ.”

ಹೊಸ ಮಾತು ಕೂರಿಸಬಹುದಾದರೆ ಹೆಸರೂ ಕೂರಿಸಬಹುದಲ್ಲ. ನಾನು ಬಾಯಿ ತೆರೆಯುವ ಮೊದಲೇ ಬೀಗಿತ್ತಿ ಕನ್ನಡಿಯ ಪಕ್ಕದಲ್ಲಿದ್ದ ಕ್ಲಾಸಿನ ಫೋಟೋಗೆ ಕೋಲು ತೋರಿಸಿದಳು.

ಫೆಬ್ರವರಿ ೫, ಬುಧವಾರ

ಕೆಲಸ ಹೀಗೆ ನಡೆಯುತ್ತಿದೆ. ಯಾವ ಮಗುವಿನ ಗುಣ ಏನು ಎಂದು ಸಿರಿ ಹೇಳುತ್ತಾಳೆ. ನಾನು ಅದನ್ನು ಹಿಡಿದು ಮೂದಲಿಕೆ ಕಟ್ಟುತ್ತೇನೆ. ಬೀಗಿತ್ತಿ ಮಂಚದ ಪಟ್ಟಿಯ ಮೇಲೆ ಬೆರಳು ಬಡಿಯುತ್ತಾ ಕೇಳುತ್ತಾಳೆ. ಸಾಲು ಒಂದು ಎಳೆ ಉದ್ದವಾದರೂ ಬೆರಳು ನಿಲ್ಲುತ್ತದೆ, “ಬೇಡ.” ಗುಣ ತಪ್ಪಿದರೂ ಬೇಡ. ಸಂಜಯ್ ಎನ್ನುವ ಹುಡುಗ ಎಲ್ಲರ ತಿಂಡಿ ಕದಿಯುತ್ತಾನೆ ಎಂದು ಸಿರಿ ಹೇಳಿದಳು, ಕಳ್ಳ ಎಂದು ಕಟ್ಟಿದೆ. ಬೇಡ. ತಿಂಡಿಪೋತ ಎಂದೆ. ಬೇಡ. ಕಡೆಗೆ ಎದ್ದುಹೋಗಿ ಅಡಿಗೆಮನೆಯಿಂದ ರವೆಯ ಡಬ್ಬಿ ತಂದು ನನ್ನ ಮಡಿಲಲ್ಲಿ ಇಟ್ಟಳು. ಉಪ್ಪಿಟ್ಟಾ ಎಂದರೆ ತಲೆಯಾಡಿಸಿದಳು. ಆ ಹುಡುಗನ ಡಬ್ಬಿಯಲ್ಲಿ ದಿನಾ ಉಪ್ಪಿಟ್ಟೇ ಇರುತ್ತಿತ್ತಂತೆ! ಅದಕ್ಕೇ ಬೇರೆಯವರದಕ್ಕೆ ಕೈ. ಸಿರಿಗೂ ಗೊತ್ತಿರಲಿಲ್ಲ.

ಕಟ್ಟಿದ್ದನ್ನು ನಾನು ಒಂದು ಸಲ ಹಾಡುವುದು, ಅವಳು ನನ್ನ ತುಟಿ ನೋಡುತ್ತಾ ಹಾಡುವುದು. ಸಾಸಿವೆ ಡಬ್ಬಿ ಎಲ್ಲಿದೆಯೋ ಇಬ್ಬರೂ ವಿಚಾರಿಸಲಿಲ್ಲ.

ಫೆಬ್ರವರಿ ೯, ಭಾನುವಾರ

ಬರೆಯಲು ಹೊತ್ತಿಲ್ಲ. ನಾಲ್ಕು ಮಕ್ಕಳು ಮುಗಿದವು.

ಫೆಬ್ರವರಿ ೧೬, ಭಾನುವಾರ

ಪಕ್ಕದ ಮನೆಯ ತಮಿಳರ ಸೆಲ್ವಿ ಇಡ್ಲಿ ಕೊಡಲು ಬಂದವಳು ಬಾಗಿಲಲ್ಲೇ ನಿಂತು, “ಯಾಕಕ್ಕಾ ದಿನಾ ಜಗಳ? ಪಾಪ, ಹುಷಾರಿಲ್ದೋರು” ಎಂದಳು. ನಾವಿಬ್ಬರೂ ಅವಳಿಗೂ ಒಂದು ಹಾಡಿ ಕಳಿಸಿದೆವು.

ಫೆಬ್ರವರಿ ೨೦, ಗುರುವಾರ

ಮನೆಯಲ್ಲಿ ಇವತ್ತು ಸೂತಕದ ಹಾಗಿದೆ. ಸಿರಿ ಇಷ್ಟು ದಿನ ನಮ್ಮ ಜೊತೆ ನಗುನಗುತ್ತಾ ಹೇಳಿಕೊಟ್ಟವಳು ಇವತ್ತು ಬ್ಯಾಗು ಎಸೆದು ನಿಂತಳು.

“ಅಜ್ಜಿ, ಇದನ್ನ ಸ್ಟೇಜ್ ಮೇಲೆ ಹಾಡೋದು ಬೇಡ. ಮನೇಲಿ ಹಾಡ್ಕೊಳಿ.”

“ಯಾಕೆ? ನಿನಗೆ ಮರ್ಯಾದೆ ಹೋಗುತ್ತಾ?”

“ನನ್ನ ಮರ್ಯಾದೆ ಅಲ್ಲ! ಅವರು ಹೆಂಗಿದ್ದ ಟೀಚರ್ ಗೊತ್ತಾ ನಿಂಗೆ? ಒಂದು ಸಲ ಕಣ್ಣೆತ್ತಿ ನೋಡಿದ್ರೆ ಇಡೀ ಹಾಲ್ ಸುಮ್ನಾಗ್ತಿತ್ತು. ಅವರೀಗ ಮದುವೆಮನೆ ಹಾಡು ಹಾಡಿ, ಮಧ್ಯ ನಿಂತೋಗಿ, ಎಲ್ಲಾ ನಕ್ಕರೆ... ಮೊಬೈಲಲ್ಲಿ ಹಿಡೀತಾರೆ ಅಜ್ಜಿ. ಅವರನ್ನ ನೋಡಿ ನಕ್ಕರೆ ನಾನು ಪರೀಕ್ಷೆ ಬರೆಯಲ್ಲ. ಬರೆಯೋದೇ ಇಲ್ಲ.”

ಬೀಗಿತ್ತಿ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಸಿರಿ ಅಳುತ್ತಾ ಒಳಗೆ ಹೋದ ಮೇಲೆ ಬೆರಳಿನಿಂದ ಮಂಚದ ಪಟ್ಟಿಯನ್ನು ಮೆಲ್ಲಗೆ ಬಡಿದಳು. ಹಾಡು ಮುಂದುವರಿಸು ಎಂದು. ನಾನು ದೀಪ ಆರಿಸಿದೆ. ಹಾಡಿಸಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ನಿದ್ದೆಯಿಲ್ಲದೆ ಯೋಚಿಸಿ ಸಿರಿಗೆ ಬೆಳಿಗ್ಗೆ ಜಡೆ ಹಾಕುವಾಗ ಹೇಳಿದೆ. “ನೋಡು ಮಗಾ, ಬೀಗರ ಪದದಲ್ಲಿ ದಾರೀಲಿ ಹೋಗೋರನ್ನ ಯಾರೂ ಬೈಯಲ್ಲ. ನಮ್ಮೋರಾದ್ರೇನೇ ಬೈಯೋದು. ಚಾಪೆ ಮೇಲೆ ಕೂತು ನನ್ನ ಹೆಸರು ಹಾಡಲ್ಲಿ ಬರ್ಲಿಲ್ಲ ಅಂತ ಅತ್ತು ಜಗಳ ಮಾಡಿದ ನೆಂಟರನ್ನ ನಾನು ನೋಡಿದೀನಿ. ನಗ್ತಾರೆ, ನಗ್ಲಿ ಬಿಡು. ನಗಿಸೋಕೇ ಕಟ್ಟಿರೋದು. ಮಾತೇ ಇಲ್ದೆ ಶಾಲು ಹೊದ್ದು ಕೂತ್ರೆ ಯಾರೂ ನಗಲ್ಲ, ಅದು ಚೆನ್ನಾಗಿರುತ್ತಾ?”

ಸಿರಿ ಬ್ಯಾಗು ಎತ್ತಿಕೊಂಡಳು. ಗೇಟಿನವರೆಗೆ ಹೋಗಿ ತಿರುಗಿ ಬಂದಳು.

“ನನ್ನ ಬಗ್ಗೆ ಮಾತ್ರ ಕಟ್ಬೇಡಿ.”

“ಕಟ್ಟಲ್ಲ ಹೋಗು” ಎಂದೆ.

ಫೆಬ್ರವರಿ ೨೭, ಗುರುವಾರ

ಹೆಡ್‌ಮಾಸ್ಟರು ಎರಡು ನಿಮಿಷ ಕೊಟ್ಟಿದ್ದಾರೆ. ನಾನು ಪಕ್ಕದಲ್ಲಿ ನಿಂತು ಪದ ಎತ್ತಿಕೊಡಬಹುದಂತೆ. ಸಿರಿಯದೊಂದು ಬಿಟ್ಟು ಎಲ್ಲ ಮಕ್ಕಳ ಪದವೂ ಕಟ್ಟಿ ಆಯಿತು. ಬೀಗಿತ್ತಿಯ ಗಂಜಿ ಹಾಕಿದ ಸೀರೆ ಇಸ್ತ್ರಿಗೆ ಕೊಟ್ಟು ಬಂದೆ. ಬಚ್ಚಲಲ್ಲಿ ಒಬ್ಬಳೇ ಏನೋ ಗುನುಗುತ್ತಿರುತ್ತಾಳೆ, ಬಾಗಿಲು ಬಡಿದರೆ ನಿಲ್ಲಿಸುತ್ತಾಳೆ.

ಮಾರ್ಚ್ ೧, ಶನಿವಾರ

ಬಟ್ಟೆ ಬದಲಿಸದೆ ಕೂತು ಬರೆಯುತ್ತಿದ್ದೇನೆ.

ಸ್ಕೂಲಿನ ಹಾಲ್ ತುಂಬ ಜನ. ಮಕ್ಕಳು ಕರಿ ನಿಲುವಂಗಿ ತೊಟ್ಟು ಸಣ್ಣ ಸಣ್ಣ ವಕೀಲರ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದವು. ಬೀಗಿತ್ತಿಯನ್ನು ಸ್ಟೇಜಿನ ಮೇಲೆ ಕೂರಿಸಿದರು. ನನ್ನನ್ನು ಒಬ್ಬ ಸ್ವಯಂಸೇವಕಿ, “ಅಜ್ಜಿ, ಪೋಷಕರು ಹಿಂದೆ” ಎಂದು ಕಡೆಯ ಸಾಲಿಗೆ ತಳ್ಳಿದಳು. ನಮ್ಮ ಸರದಿ ಬಂದಾಗ ಕರೆಯುತ್ತಾರಲ್ಲ ಎಂದು ನಾನೂ ಕೂತೆ. ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಮಕ್ಕಳು ಟೋಪಿಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದವು. ಹೊತ್ತಾಯಿತೆಂದೋ ಏನೋ, ಹೆಡ್‌ಮಾಸ್ಟರು ನೇರವಾಗಿ ಶಾಲು ತೆಗೆದುಕೊಂಡು ಬಂದರು. ನಮ್ಮ ಎರಡು ನಿಮಿಷದ ಸುದ್ದಿಯೇ ಇಲ್ಲ.

ಬೀಗಿತ್ತಿ ಎದ್ದಳು. ಶಾಲಿನ ಕಡೆ ನೋಡಲೂ ಇಲ್ಲ. ಕೋಲೂರಿಕೊಂಡು ನೆಟ್ಟಗೆ ಮೈಕಿನ ಮುಂದೆ ಹೋಗಿ ನಿಂತಳು. ಇಡೀ ಹಾಲ್ ಸುಮ್ಮನಾಯಿತು. ಎಡಗಡೆ ನೋಡಿದಳು, ನಾನಿಲ್ಲ. ಬಲಗಡೆ ನೋಡಿದಳು.

“ಬೇಡ” ಎಂದಳು ಮೈಕಿನಲ್ಲಿ.

ಮಕ್ಕಳು ಮುಖ ಮುಖ ನೋಡಿಕೊಂಡವು.

“ಬೇಡ. ಬೇಡ.”

ಯಾರೋ ಕಿಸಕ್ಕೆಂದರು. ಸಿರಿ ತಲೆ ತಗ್ಗಿಸಿ ಕಿವಿ ಮುಚ್ಚಿಕೊಂಡದ್ದು ಹಿಂದಿನಿಂದ ಕಂಡಿತು. ಹೆಡ್‌ಮಾಸ್ಟರು ಮೆಲ್ಲಗೆ ಅವಳ ತೋಳು ಹಿಡಿಯಲು ಬಂದರು. ನನಗೆ ಎದ್ದದ್ದೂ ನೆನಪಿಲ್ಲ. ಕುರ್ಚಿಗಳ ಸಂದಿಯಲ್ಲಿ ನುಗ್ಗಿಕೊಂಡು, ಇದ್ದಷ್ಟು ದನಿ ತೆಗೆದು ಹಾಡಿದೆ:

ಮೈಕಿನ ಮುಂದೆ ಮೂಕಿಯಂಗೆ ನಿಂತೋಳೆ
ಮಕ್ಕಳ ಹೆಸರು ಮರೆತೇನೆ, ಬೀಗಿತ್ತಿ
ಸಂಬಳ ಯಾಕೆ ತಗೊಂಡಿ

ಕೂತಿದ್ದವರ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಹಿಂದೆಯೇ ಓಡಿ ಬಂದ ಮಂಜುಶ್ರೀ “ಅತ್ತೆ!” ಎಂದು ಸೆರಗು ಎಳೆದಳು. ಸ್ಟೇಜಿನ ಮೇಲೆ ಬೀಗಿತ್ತಿಯ ಬೆನ್ನು ನೆಟ್ಟಗಾಯಿತು. ಸಿಟ್ಟು ಬಂದಿತ್ತು ಅವಳಿಗೆ, ಒಳ್ಳೆಯ ಸಿಟ್ಟು. ಎಡಗೈ ಬೆರಳಿನಿಂದ ಮೈಕಿನ ಮೇಜನ್ನು ಬಡಿದಳು, ಮತ್ತೆ ಬಡಿದಳು. ಆಮೇಲೆ ಹಾಡಿದಳು:

ಬೆಲ್ಲು ಹೊಡೆದ ಮೇಲೆ ಹಲ್ಲುಜ್ಜೋ ದುಷ್ಯಂತ
ಗೇಟಿನ ಮೇಲೇಕೆ ನೇತಾಡ್ತಿ, ಕೆಳಗಿಳಿಯೋ
ಪ್ರಾರ್ಥನೆ ಮುಗಿದು ಹೋಯಿತು

ಮುಂದಿನ ಸಾಲಿನಲ್ಲಿ ಒಬ್ಬ ಉದ್ದನೆಯ ಹುಡುಗ ಟೋಪಿಯಿಂದ ಮುಖ ಮುಚ್ಚಿಕೊಂಡ, ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅವಳು ನಗು ನಿಲ್ಲುವವರೆಗೆ ಕಾಯಲಿಲ್ಲ. ಬೆರಳು ಬಡಿದುಕೊಂಡು ಮುಂದಕ್ಕೆ ಹೋದಳು. ಕಡೆಯ ಬೆಂಚಿನಲ್ಲಿ ಕನ್ನಡಿ ನೋಡುವ ಚೈತನ್ಯಾ ಆಯಿತು. ಸಂಜಯ್ ಬಂದ:

ಹತ್ತಾರು ಡಬ್ಬಿಯ ಮುಚ್ಚಳ ತೆಗೆದ ಸಂಜಯ
ತನ್ನ ಡಬ್ಬಿ ಯಾಕೆ ತೆರೆಯೊಲ್ಲ, ಕೇಳಿದರೆ
ಉಪ್ಪಿಟ್ಟು ಎಂದು ಅಳುತಾನೆ

ಆ ಹುಡುಗ ಎದ್ದು ನಿಂತ. ನಗುತ್ತಿದ್ದ ಅಂದುಕೊಂಡೆ, ಅಳುತ್ತಿದ್ದ. ಪಕ್ಕದವನು ಅವನ ಹೆಗಲ ಮೇಲೆ ಕೈ ಹಾಕಿದ. ಅಲ್ಲಿಂದ ಆಚೆಗೆ ಹೆಸರು ಬಂದವರೆಲ್ಲ ತಾವಾಗಿ ಎದ್ದು ನಿಂತರು. ಹಾಡು ಸಿಕ್ಕದೆ ಅವಳು ತಡೆದಲ್ಲಿ ನಾನು ಕೆಳಗಿನಿಂದ ಒಂದು ಮೂದಲಿಕೆ ಎಸೆಯುತ್ತಿದ್ದೆ, ಆ ಬಿಸಿಗೆ ಅವಳಿಗೆ ಮುಂದಿನದು ಬರುತ್ತಿತ್ತು. ಎರಡು ನಿಮಿಷ ಯಾವತ್ತೋ ಮುಗಿದಿತ್ತು. ಒಂದು ಹುಡುಗಿ ತಡೆಯಲಾರದೆ ಕೂಗಿದಳು, “ಮೇಡಂ, ನಂದು ಮರೀಬೇಡಿ ಮೇಡಂ!” ಅವಳದೂ ಬಂತು. ಎಲ್ಲರದೂ ಬಂತು. ಬೈಸಿಕೊಳ್ಳಲು ಇಷ್ಟು ಆಸೆಪಟ್ಟ ಮಕ್ಕಳನ್ನು ನಾನು ನೋಡಿಲ್ಲ.

ಕಡೆಗೆ ಕೂತೇ ಇದ್ದವಳು ಸಿರಿ ಒಬ್ಬಳೇ. ಅವಳ ಪದ ನಾವು ಕಟ್ಟಿರಲಿಲ್ಲ, ಮಾತು ಕೊಟ್ಟಿದ್ದೆ. ಬೀಗಿತ್ತಿ ಅವಳನ್ನೇ ನೋಡುತ್ತಾ ಹಾಡಿದಳು:

ಇಬ್ಬರು ಅಜ್ಜಿಯರ ನಡುವೆ ಸಿಕ್ಕಿದ ಸಿರಿಯೆ
ಒಬ್ಬಳ ಬಾಯಿ ಮುಚ್ಚೊಲ್ಲ, ಇನ್ನೊಬ್ಬಳ
ಬಾಯಿ ತೆರೆದರೂ ಮಾತಿಲ್ಲ

ಬಚ್ಚಲಲ್ಲಿ ಗುನುಗುತ್ತಿದ್ದದ್ದು ಇದು. ಮಾತು ಕೊಟ್ಟವಳು ನಾನು ತಾನೇ, ಅವಳಲ್ಲವಲ್ಲ. ಸಿರಿ ಎದ್ದು ನಿಂತು ಟೋಪಿ ತೆಗೆದಳು. ಹುಡುಗಿಯ ಮುಖ ಅತ್ತು ಅತ್ತು ನಕ್ಕು ನಕ್ಕು ಒಂದೇ ಆಗಿತ್ತು.

ಹೆಡ್‌ಮಾಸ್ಟರು ಶಾಲು ಹಿಡಿದುಕೊಂಡೇ ಪಕ್ಕದಲ್ಲಿ ನಿಂತಿದ್ದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸುವುದು ಗೊತ್ತಾಗದೆ, “ಮೇಡಂ, ನಂದೊಂದು?” ಎಂದರು.

“ಬೇಡ” ಎಂದಳು.

ಅತಿಥಿಗಳೂ ಸೇರಿ ಇಡೀ ಹಾಲ್ ನಕ್ಕಿತು. ನಾನು ಇನ್ನೂ ಮಧ್ಯದ ದಾರಿಯಲ್ಲಿ ನಿಂತೇ ಇದ್ದೆ. ಪಕ್ಕದ ಕುರ್ಚಿಗೆ ಭಾರ ಬಿಟ್ಟುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು. ಮುಂದಿನ ಪದ ನನಗೇ ಎಂದು ನಾನೂ ಉತ್ತರಕ್ಕೆ ಸಿದ್ಧವಾದೆ. ಬೆರಳು ಬಡಿಯಲಿಲ್ಲ. ಧಾಟಿ ಎತ್ತಲಿಲ್ಲ.

“ಕೂತ್ಕೊಳೇ ಸುಭದ್ರಾ” ಎಂದಳು. “ಕಾಲು ನೋಯುತ್ತೆ.”

ನಾನು ಕೂತೆ.

ಮಾರ್ಚ್ ೨, ಭಾನುವಾರ

ನಿನ್ನೆಯಿಂದ ಎಲ್ಲರೂ ಫೋನು ಮಾಡಿ ಅಳುತ್ತಿದ್ದಾರೆ. ಮಾತು ಬಂತು, ಮಾತು ಬಂತು ಎಂದು. ನನ್ನ ಸಂಕಟ ಯಾರಿಗೂ ತಿಳಿಯದು. ನೆಂಟಸ್ತನವಾದಾಗಿನಿಂದ ಹೋಗಿ ಬನ್ನಿ ಎನ್ನುತ್ತಿದ್ದವಳು ಊರೆದುರಿಗೆ ನನ್ನನ್ನು ಏಕವಚನದಲ್ಲಿ ಕರೆದಿದ್ದಾಳೆ. ಅದೂ ಮೈಕಿನಲ್ಲಿ. ಎಷ್ಟು ಸೊಕ್ಕು!

ಇವತ್ತು ಕಾಫಿ ಕೊಟ್ಟು, “ಇನ್ನೊಂದು ಸಲ ಅನ್ನು ನೋಡೋಣ” ಎಂದೆ. “ಬೇಡ” ಎಂದಳು. ಮತ್ತೊಂದು ಲೋಟ ಕೊಟ್ಟೆ. ಕುಡಿದಳು.

ಏಪ್ರಿಲ್ ೫, ಶನಿವಾರ

ಸಿರಿಯ ಪರೀಕ್ಷೆ ನಿನ್ನೆ ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ ಎನ್ನುತ್ತಾಳೆ. ಯಶೋಧರೆಯ ಚಿಕ್ಕ ಮಗಳು ಮೈಸೂರಿನಿಂದ ಕಾರು ತಂದಿದ್ದಳು. ಅಲ್ಲಿ ಮಾತು ಕಲಿಸುವ ಆಸ್ಪತ್ರೆ ಇದೆಯಂತೆ, ಎರಡು ಮೂರು ತಿಂಗಳು ಇರಬೇಕಂತೆ. ಒಳ್ಳೆಯದೇ. ಬ್ಯಾಗು ತುಂಬಿಕೊಟ್ಟೆ. ಎಣ್ಣೆ ಬಾಟಲಿ ಇಟ್ಟೆ. ಸಿಕ್ಕು ಬಿಡಿಸುವಾಗ ತುದಿಯಿಂದ ಶುರು ಮಾಡಬೇಕು, ಎಳೆಯಬಾರದು ಎಂದು ಆ ಹುಡುಗಿಗೆ ಹೇಳಿದೆ. ಎಷ್ಟು ಹೇಳಿದರೂ ಎಳೆಯುತ್ತಾಳೆ, ನೋಡಿದರೆ ಗೊತ್ತಾಗುತ್ತದೆ.

ಏಪ್ರಿಲ್ ೧೩, ಭಾನುವಾರ

ವಿನೋಬನಗರ. ಮನೆಯಲ್ಲಿ ಎಲ್ಲರೂ ಇದ್ದಾರೆ, ಸಿರಿಯೂ ಇದ್ದಾಳೆ. ನನಗೆ ಬೇಕಾಗಿದ್ದದ್ದು ಅದೇ ತಾನೇ. ಬೆಳಿಗ್ಗೆ ಮಂಜುಶ್ರೀ ಸಾರಿಗೆ ಉಪ್ಪು ಹೆಚ್ಚು ಹಾಕಿದ್ದಳು. ಒಂದು ಮಾತು ಅಂದೆ. ಅವಳು ಸುಮ್ಮನೆ, “ಸಾರಿ ಅತ್ತೆ” ಎಂದು ನೀರು ಬೆರೆಸಿದಳು. ಇಂಥವರನ್ನು ಬೈದು ಏನು ಸುಖ?

ಫೋನು ಮಾಡಿದರೆ ಆ ಚಿಕ್ಕ ಮಗಳೇ ಎತ್ತಿ, “ಅಮ್ಮ ಮಲಗಿದಾರೆ, ಅಮ್ಮ ಎಕ್ಸರ್ಸೈಸ್ ಮಾಡ್ತಿದಾರೆ” ಎನ್ನುತ್ತಾಳೆ. ಆದ್ದರಿಂದ ಈ ಹಾಳೆಯನ್ನು ಹರಿದು ಪೋಸ್ಟಿಗೆ ಹಾಕುತ್ತಿದ್ದೇನೆ. ಓದು:

ಮೈಸೂರ ಪಾಕು ಬಾಯ್ತುಂಬ ತುಂಬಿಕೊಂಡು
ಮಾತೇ ಬರದೆಂದು ಅಂತಾಳೆ, ಬೀಗಿತ್ತಿ
ನುಂಗಿದ ಮೇಲೆ ಉಸುರೇ

ನೋಡು ಯಶೋಧರಾ, ಮದುವೆಯ ದಿವಸ ಎದ್ದುಹೋದ ಹಾಗೆ ಈಗ ಎದ್ದುಹೋಗಲು ನಾನು ಬಿಡುವುದಿಲ್ಲ. ಚಾಪೆಯ ಮೇಲೆ ಕೂತಿದ್ದೇನೆ. ಎಡಗೈಯಲ್ಲಿ ಬರೆದು ಕಳಿಸು, ಇಲ್ಲ ಹಾಡಿ ಸಿರಿಯ ಮೊಬೈಲಿಗೆ ಕಳಿಸು, ಮಾತಿನಲ್ಲೇ ಹೇಳುವಂತಾದರೆ ನನಗೇ ಫೋನು ಮಾಡಿ ಬೈಯಿ. ಮೇ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ಚುಚ್ಚುವ ಹಾಗಿರಬೇಕು, ಸಪ್ಪೆಯಾಗಿದ್ದರೆ ವಾಪಸು ಕಳಿಸುತ್ತೇನೆ.